ಮಂದ್ರ ಪಂಚಮ, ಅವ್ವನ ಕೌದಿ, ಒಂದು ಮೈಕ್: ಮನೆಯಲ್ಲಿ ಹಾಡು ರೆಕಾರ್ಡ್ ಮಾಡಿದ ನನ್ನ ಅನುಭವ

ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆ 11 ಅಡಿ ಉದ್ದ, 11 ಅಡಿ ಅಗಲ. ನೆಲಕ್ಕೆ ಟೈಲ್ಸ್, ಮೂರು ಕಡೆ ಬೋಳು ಗೋಡೆ, ಒಂದು ಕಡೆ ಕಿಟಕಿ. ಮೂರು ವರ್ಷದ ಹಿಂದೆ ಅಲ್ಲಿ ಮೊದಲ ಸಲ ಮೈಕ್ ಇಟ್ಟು ಬಸವಣ್ಣನವರ ಒಂದು ವಚನ ಹಾಡಿದೆ. ಮೈಕ್ ಹೊಸದು, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ತರದ್ದು. ಅದಕ್ಕೆ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕೇಬಲ್, ಸ್ಟ್ಯಾಂಡ್, ಹೆಡ್‌ಫೋನ್ ಎಲ್ಲ ಸೇರಿ ಅರ್ಧ ತಿಂಗಳ ಸಂಬಳ ಹೋಗಿತ್ತು. ಕೇಳಿ ನೋಡಿದರೆ ದನಿ ಎಲ್ಲೋ ದೂರದಲ್ಲಿದೆ. ನನಗೆ ತಬಲಾ ಸಾಥ್ ಕೊಡುವ ಕಾಕಾ ಅವರಿಗೆ ಕೇಳಿಸಿದೆ. ಅವರು ಇಯರ್‌ಫೋನ್ ತೆಗೆದು ಹೇಳಿದ್ದು ಇಷ್ಟೇ: “ಧ್ವನಿ ಛಲೋ ಐತಿ ತಮ್ಮಾ. ಆದ್ರ ಖಾಲಿ ಗೋದಾಮಿನ್ಯಾಗ ನಿಂತು ಹಾಡಿದಂಗ ಕೇಳಸ್ತೈತಿ.”

ಮೈಕೇ ಸರಿಯಿಲ್ಲ ಅಂದುಕೊಂಡೆ. ಗೆಳೆಯನೊಬ್ಬನ ಹತ್ತಿರ ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆಯ ಮೈಕ್ ಇತ್ತು. ಎರಡು ದಿನಕ್ಕೆ ಕೇಳಿ ತಂದು ಅದೇ ಜಾಗದಲ್ಲಿ ಅದೇ ವಚನ ಹಾಡಿದೆ. ಗೋದಾಮು ಇನ್ನೂ ಸ್ಪಷ್ಟವಾಗಿ ಕೇಳಿಸಿತು! ಒಳ್ಳೆ ಮೈಕ್ ಅಂದರೆ ಕೋಣೆಯನ್ನೂ ಚೆನ್ನಾಗಿ ಕೇಳಿಸಿಕೊಳ್ಳುವ ಮೈಕ್, ಅಲ್ವಾ? ಆವತ್ತು ಅದನ್ನು ವಾಪಸ್ ಕೊಟ್ಟು ಬಂದು ಕೋಣೆಯ ಕಡೆ ನೋಡಲು ಶುರು ಮಾಡಿದೆ.

ಮೊದಲು ಮಾಡಿದ್ದು ಚಪ್ಪಾಳೆ ಪರೀಕ್ಷೆ. ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ. ನಮ್ಮ ಕೋಣೆಯಲ್ಲಿ ಆ ಸದ್ದಿನ ಹಿಂದೆ ಸಣ್ಣ ತಂತಿ ಮಿಡಿದ ಹಾಗೆ ‘ಟ್ರ್ರ್ರಿಂಗ್’ ಅಂತ ಬಾಲ ಬರುತ್ತಿತ್ತು. ಎದುರುಬದುರು ಇರುವ ಎರಡು ಬೋಳು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಆಚೆ ಈಚೆ ಎಸೆದಾಗ ಹೀಗಾಗುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಅವ್ವನ ಕೋಣೆಯಲ್ಲಿ ಹೊಡೆದೆ. ಬಾಲವೇ ಇಲ್ಲ.

ಮೊಟ್ಟೆ ಟ್ರೇ ಅಂಟಿಸಿ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ನಾನೂ ಅಂಟಿಸಿದೆ, ಒಂದು ಗೋಡೆ ಪೂರ್ತಿ. ಅದು ಬರೀ ತೆಳು ರಟ್ಟು. ಚಪ್ಪಾಳೆಯ ಬಾಲ ಸ್ವಲ್ಪ ಮೆದುವಾಯಿತೇ ಹೊರತು ಹಾಡಿದಾಗ ಏನೂ ಬದಲಾಗಲಿಲ್ಲ. ಆಮೇಲೆ ಒಂದಿಂಚು ದಪ್ಪದ ಫೋಮ್ ತರಿಸಿದೆ. ಅದು ‘ಸ’, ‘ಶ’ ತರದ ಮೇಲಿನ ಸದ್ದನ್ನು ಮಾತ್ರ ಹೀರಿತು, ದಪ್ಪ ಸದ್ದನ್ನು ಮುಟ್ಟಲೇ ಇಲ್ಲ. ಹೊಳಪು ಹೋಯಿತು, ಗುಂಯ್ ಅನ್ನುವುದು ಉಳಿಯಿತು. ಮೊದಲಿಗಿಂತ ಮಂಕು. ಆ ದುಡ್ಡನ್ನು ದಯವಿಟ್ಟು ನೀವು ಖರ್ಚು ಮಾಡಬೇಡಿ.

ಕೆಲಸಕ್ಕೆ ಬಂದದ್ದು ಅವ್ವನ ಕೌದಿ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹಳೆ ಸೀರೆ, ಧೋತರ, ಅಂಗಿ ಎಲ್ಲವನ್ನೂ ಪದರದ ಮೇಲೆ ಪದರ ಹಾಕಿ, ಅಂಚಿನಿಂದ ಒಳಗಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ನಮ್ಮ ಮನೆಯದರಲ್ಲಿ ಆರೇಳು ಪದರ ಇದೆ, ಒದ್ದೆಯಾದರೆ ಒಬ್ಬರಿಗೆ ಎತ್ತಲು ಆಗುವುದಿಲ್ಲ. ಆ ತೂಕವೇ ನಮಗೆ ಬೇಕಾದದ್ದು. ಎರಡು ಕೌದಿಗಳನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಹಾಕಿ, ಗೋಡೆಗೆ ತಾಗಿಸದೆ ಒಂದು ಗೇಣು ಮುಂದಕ್ಕೆ ನಿಲ್ಲಿಸಿದೆ. ಗೋಡೆಗೂ ಬಟ್ಟೆಗೂ ನಡುವೆ ಜಾಗ ಬಿಟ್ಟರೆ ಇನ್ನಷ್ಟು ಕೆಳಗಿನ ಸದ್ದೂ ಹೀರಿಕೊಳ್ಳುತ್ತದೆ, ಇದು ಮುಖ್ಯ. ಒಂದನ್ನು ನನ್ನ ಬೆನ್ನ ಹಿಂದೆ ಇಟ್ಟೆ, ಯಾಕೆಂದರೆ ಮೈಕಿನ ಮುಖ ನೋಡುವುದು ನನ್ನನ್ನೂ ನನ್ನ ಹಿಂದಿನ ಗೋಡೆಯನ್ನೂ. ಇನ್ನೊಂದು ಪಕ್ಕದಲ್ಲಿ. ನೆಲಕ್ಕೆ ಜಮಖಾನ. ಚಪ್ಪಾಳೆಯ ಬಾಲ ಹೋಯಿತು.

ಆದರೂ ಒಂದು ತೊಂದರೆ ಉಳಿಯಿತು. ಅದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ನನ್ನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯೇ ನನ್ನ ‘ಸ’, ಕರ್ನಾಟಕ ಸಂಗೀತದವರು ಒಂದೂವರೆ ಮನೆ ಅನ್ನುವುದು. ಹಾಡಿನಲ್ಲಿ ಮಂದ್ರ ಪಂಚಮಕ್ಕೆ, ಅಂದರೆ ಕೆಳ ಸ್ಥಾಯಿಯ ‘ಪ’ಕ್ಕೆ ಇಳಿದಾಗಲೆಲ್ಲ ದನಿ ಇದ್ದಕ್ಕಿದ್ದಂತೆ ಉಬ್ಬಿಕೊಳ್ಳುತ್ತಿತ್ತು, ಕೊಡದೊಳಗೆ ಬಾಯಿಟ್ಟ ಹಾಗೆ. ಅದರ ಪಕ್ಕದ ಮಂದ್ರ ನಿಷಾದ, ಧೈವತ ಎರಡೂ ಸರಿಯಾಗಿಯೇ ಇರುತ್ತಿದ್ದವು. ನನ್ನ ಗಂಟಲಿನ ದೋಷ ಅಂದುಕೊಂಡು ಬೆಳಗ್ಗೆ ಖರಜ್ ಸಾಧನೆ (ಕೆಳಗಿನ ಸ್ವರಗಳ ಅಭ್ಯಾಸ) ಜಾಸ್ತಿ ಮಾಡಿದೆ. ಒಂದು ದಿನ ಸುಮ್ನೆ ಮಂದ್ರ ಪಂಚಮ ಹಿಡಿದು ಕೋಣೆಯಲ್ಲಿ ನಿಧಾನಕ್ಕೆ ನಡೆದೆ. ನಡುವೆ ಇದ್ದಾಗ ಎದೆಗೆ ಬಡಿಯುವಷ್ಟು ಗುಂಯ್. ಗೋಡೆಯ ಕಡೆ ಹೋಗುತ್ತಾ ಹೋಗುತ್ತಾ, ಗೋಡೆಗೆ ಸುಮಾರು ಮೂರು ಅಡಿ ಇದೆ ಅನ್ನುವಾಗ ಸದ್ದು ತೆಳುವಾಗಿ ಬರೀ ನನ್ನ ದನಿ ಉಳಿಯಿತು. ಗೋಡೆಗೆ ಮುಖ ತಾಗಿಸಿದರೆ ಮತ್ತೆ ಗುಂಯ್.

ಲೆಕ್ಕ ಸರಳ. ಕಪ್ಪು ಒಂದರ ಮಧ್ಯ ಷಡ್ಜ (ನಡು ಸ್ಥಾಯಿಯ ‘ಸ’) 138.6 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದರ ಮುಕ್ಕಾಲು ಭಾಗ ಮಂದ್ರ ಪಂಚಮ, ಅಂದರೆ ಸುಮಾರು 104 ಹರ್ಟ್ಸ್. ಸದ್ದು ನಮ್ಮ ಕಡೆಯ ಬೆಚ್ಚನೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಭಾಗಿಸಿದರೆ ಆ ಸ್ವರದ ಒಂದು ಅಲೆಯ ಉದ್ದ 3.3 ಮೀಟರ್. ಕೋಣೆಯ 11 ಅಡಿ ಅಂದರೆ 3.35 ಮೀಟರ್! ಒಂದು ಅಲೆ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುತ್ತದೆ. ಆಗ ನಡುವೆಯೂ ಗೋಡೆಗಳ ಹತ್ತಿರವೂ ಸದ್ದು ಉಬ್ಬುತ್ತದೆ, ಕಾಲು ಭಾಗದ ಜಾಗದಲ್ಲಿ ಸೊರಗುತ್ತದೆ. ಕೋಣೆ ಚೌಕವಾಗಿರುವುದರಿಂದ ಉದ್ದಕ್ಕೂ ಅಗಲಕ್ಕೂ ಅದೇ ಸ್ವರ ಉಬ್ಬಿ ಎರಡೂ ಸೇರಿಕೊಳ್ಳುತ್ತವೆ. ನಾನು ಮೈಕ್ ಇಟ್ಟಿದ್ದು ನಟ್ಟನಡುವೆ. ಇಷ್ಟು ದಪ್ಪ ಅಲೆಯನ್ನು ಎಷ್ಟು ಕೌದಿ ಹಾಕಿದರೂ ಹೀರಲು ಆಗುವುದಿಲ್ಲ. ಜಾಗ ಬದಲಿಸಬೇಕು ಅಷ್ಟೇ. ಒಂದು ಮೂಲೆಯ ಎರಡು ಗೋಡೆಗಳಿಂದಲೂ ಮೂರು ಮೂರು ಅಡಿ ಬಿಟ್ಟು ಮೈಕ್ ಇಟ್ಟು ಕೂತೆ, ಟೈಲ್ಸಿನ ಮೇಲೆ ಅಂಟುಪಟ್ಟಿ ಹಾಕಿ ಗುರುತು ಮಾಡಿದೆ. ಮಂದ್ರ ಪಂಚಮ ಉಳಿದ ಸ್ವರಗಳ ಸಾಲಿಗೆ ಬಂತು. ಒಂದು ರೂಪಾಯಿ ಖರ್ಚಿಲ್ಲ. ಈ ಮೂರು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸುಧಾರಣೆ ಇದೇ. ನಿಮ್ಮ ಕೋಣೆ, ನಿಮ್ಮ ಶ್ರುತಿ ಬೇರೆ ಇರುತ್ತದೆ, ಹಾಗಾಗಿ ನನ್ನ ಅಳತೆ ತೆಗೆದುಕೊಳ್ಳಬೇಡಿ. ಒಂದೊಂದೇ ಸ್ವರ ಹಿಡಿದು ಕೋಣೆಯಲ್ಲಿ ನಡೆಯಿರಿ, ಯಾವುದು ಎಲ್ಲಿ ಉಬ್ಬುತ್ತದೆ ಅಂತ ಕಿವಿಯೇ ಹೇಳುತ್ತದೆ.

ಇನ್ನು ಮೈಕಿನ ದೂರ. ಬಾಯಿಗೂ ಮೈಕಿಗೂ ಒಂದು ಗೇಣು. ದೂರ ಅರ್ಧಕ್ಕೆ ಇಳಿಸಿದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಡೈನಮಿಕ್ ಮೈಕ್‌ಗೆ ಕೋಣೆ ಕೇಳಿಸುವುದಿಲ್ಲ ಅಂತ ಹೇಳುತ್ತಾರಲ್ಲ, ಅದರ ಗುಟ್ಟೂ ಬಹುಪಾಲು ಇಷ್ಟೇ. ವೇದಿಕೆಯಲ್ಲಿ ಬಳಸುವ ಶೂರ್ ಎಸ್‌ಎಂ58 ತರದ ಡೈನಮಿಕ್ ಮೈಕನ್ನು ನಾವು ಬಾಯಿಗೆ ಹಿಡಿದು ಹಾಡುತ್ತೇವೆ, ಕಂಡೆನ್ಸರನ್ನು ದೂರ ಇಡುತ್ತೇವೆ. ಆದರೆ ಗೇಣಿಗಿಂತ ತೀರಾ ಹತ್ತಿರ ಹೋದರೆ ದನಿಯ ದಪ್ಪ ಭಾಗ ತಾನಾಗಿಯೇ ಉಬ್ಬುತ್ತದೆ, ಜೊತೆಗೆ ನಮ್ಮ ಭಾಷೆಯ ಪ, ಬ, ಭ ಮೈಕಿಗೆ ಗುದ್ದುತ್ತವೆ. ‘ಭಕ್ತ’, ‘ಪಾದ’ ಇಲ್ಲದ ವಚನ, ದಾಸರ ಪದ ಎಲ್ಲಿ ಸಿಗುತ್ತದೆ? ಅಕ್ಕನ ಕಸೂತಿ ರಿಂಗಿಗೆ ಹಳೆ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ನಾಲ್ಕು ಬೆರಳು ದೂರದಲ್ಲಿ ಕಟ್ಟಿದೆ. ಮೈಕನ್ನು ನೇರ ಬಾಯಿಗೆ ಇಡದೆ ಕೊಂಚ ಓರೆಯಾಗಿ ಬಾಯಿಯ ಮೂಲೆಯ ಕಡೆ ತಿರುಗಿಸಿದೆ. ಉಸಿರು ಪಕ್ಕಕ್ಕೆ ಹೋಗುತ್ತದೆ, ದನಿ ಮೈಕಿಗೆ ಬರುತ್ತದೆ.

ಲೆವೆಲ್ ವಿಷಯದಲ್ಲಿ ಒಂದು ನೋವು ಇದೆ. ಒಂದು ರಾತ್ರಿ ಒಂದು ದಾಸರ ಪದ ತುಂಬಾ ಚೆನ್ನಾಗಿ ಬಂತು, ಮತ್ತೆ ಹಾಗೆ ಹಾಡಲು ನನ್ನಿಂದ ಇವತ್ತಿಗೂ ಆಗಿಲ್ಲ. ಕೇಳಿದರೆ ತಾರ ಷಡ್ಜ ಮುಟ್ಟಿದ ಕಡೆಯೆಲ್ಲ ದನಿ ಒಡೆದಿದೆ. ಒಡೆದದ್ದು ಸರಿಯಾಗುವುದಿಲ್ಲ. ನಾನು ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವುದು) ಹೊಂದಿಸಿದ್ದು ಪಲ್ಲವಿ ಮೆಲ್ಲಗೆ ಗುನುಗಿ. ಈಗ ಹಾಡಿನ ಅತಿ ಎತ್ತರದ ಸಾಲನ್ನು ಪೂರ್ತಿ ಜೋರಾಗಿ ಹಾಡಿ, ಲೆವೆಲ್ ಮೀಟರ್ ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಇಡುತ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಕಡಿಮೆ ಲೆವೆಲ್‌ನಿಂದ ಏನೂ ನಷ್ಟವಿಲ್ಲ, ಆಮೇಲೆ ಏರಿಸಿಕೊಳ್ಳಬಹುದು.

ಗದ್ದಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನ್ ಬಂದ್, ಏಪ್ರಿಲ್ ಆದರೂ ಬಂದ್. ರಾತ್ರಿ ಹತ್ತೂವರೆ ಮೇಲೆ, ಇಲ್ಲವೇ ಬೆಳಗಿನ ಜಾವ ನಾಲ್ಕೂವರೆಗೆ ಕೂರುತ್ತೇನೆ. ‘ಜುಂಯ್’ ಅನ್ನುವ 50 ಹರ್ಟ್ಸ್ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನನಗೆ ಅದೇ ಕಾರಣವಾಗಿತ್ತು, ಈಗ ಬ್ಯಾಟರಿ ಮೇಲೇ ಮಾಡುತ್ತೇನೆ. ಹಾಡುವ ಮೊದಲು ಹತ್ತು ಸೆಕೆಂಡ್ ಸುಮ್ಮನೆ ಕೂತು ಬರೀ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಗದ್ದಲ ತೆಗೆಯಲು ಆಡಾಸಿಟಿ ಅನ್ನುವ ಸಾಫ್ಟ್‌ವೇರಿಗೆ ಆ ತುಣುಕು ಬೇಕು. ತೆಗೆಯುವಾಗಲೂ 6 ಡೆಸಿಬೆಲ್ ಸಾಕು. ಆಸೆಗೆ 20 ಇಟ್ಟರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ.

ನಮ್ಮ ಸಂಗೀತಕ್ಕೇ ಸೇರಿದ ಒಂದು ವಿಷಯ ತಂಬೂರಿ. ಮೊದಲೆಲ್ಲ ನಾನು ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯನ್ನು ಪಕ್ಕದಲ್ಲೇ ಹಾಕಿಕೊಂಡು ಹಾಡುತ್ತಿದ್ದೆ. ದನಿಯ ಟ್ರ್ಯಾಕಿನಲ್ಲಿ ತಂಬೂರಿ ಸೇರಿಬಿಟ್ಟರೆ ಒಂದು ಸಾಲನ್ನೂ ಕತ್ತರಿಸಿ ಬೇರೆ ಟೇಕ್ ಸೇರಿಸಲು ಆಗುವುದಿಲ್ಲ, ಜೋಡಿಸಿದ ಜಾಗದಲ್ಲಿ ತಂಬೂರಿಯ ಮಿಡಿತ ಎಡವುತ್ತದೆ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಕೂಡ ಒಂದೇ ಸಮನೆ ಬರುವ ಶ್ರುತಿಯನ್ನು ಗದ್ದಲ ಅಂತಲೇ ತಿಳಿದು ಅಳಿಸಲು ನೋಡುತ್ತದೆ. ಎಷ್ಟೋ ಫೋನ್‌ಗಳೂ ಹೀಗೇ ಮಾಡುತ್ತವೆ. ಈಗ ತಂಬೂರಿ ಹೆಡ್‌ಫೋನಿನಲ್ಲಿ ಮಾತ್ರ, ಅದಕ್ಕೆ ಬೇರೆ ಟ್ರ್ಯಾಕ್. ಎರಡೂ ಕಿವಿ ಮುಚ್ಚಿಕೊಂಡರೆ ನನ್ನ ಸ್ವರ ಜಾರುತ್ತದೆ. ಅದಕ್ಕೆ ಬಲಗಿವಿಯನ್ನು ತೆರೆದಿಟ್ಟು, ಆ ಕಡೆಯ ಸದ್ದು ಮೈಕಿಗೆ ಸೋರದ ಹಾಗೆ ಹೆಡ್‌ಫೋನಿನ ಬಟ್ಟಲನ್ನು ಕಿವಿಯ ಹಿಂದೆ ತಲೆಗೆ ಒತ್ತಿ ಇಟ್ಟುಕೊಳ್ಳುತ್ತೇನೆ.

ಹಾರ್ಮೋನಿಯಂ ನಾನೇ ಬೇರೆಯಾಗಿ ನುಡಿಸಿ ಸೇರಿಸುತ್ತೇನೆ. ಮೈಕನ್ನು ಎರಡು ಗೇಣು ಮೇಲಿಂದ ಹಾರ್ಮೋನಿಯಂ ಮನೆಗಳ (ಕೀಗಳ) ಕಡೆ ಮುಖ ಮಾಡಿ ಇಟ್ಟರೆ ತಿದಿಯ ಭುಸ್ ಅನ್ನುವ ಉಸಿರು ಕಡಿಮೆ ಬರುತ್ತದೆ.

ಆಮೇಲಿನ ಕೆಲಸವನ್ನು ನಾನು ರೀಪರ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ, ಆದಷ್ಟು ಕಮ್ಮಿ. ದನಿಯಲ್ಲಿ 80 ಹರ್ಟ್ಸ್ ಕೆಳಗಿನದೆಲ್ಲ ತೆಗೆಯುತ್ತೇನೆ, 300ರ ಆಸುಪಾಸು ಎರಡು ಡೆಸಿಬೆಲ್ ಇಳಿಸುತ್ತೇನೆ. ಕಂಪ್ರೆಸರ್ (ಜೋರು ದನಿಗೂ ಮೆಲುದನಿಗೂ ಇರುವ ಅಂತರ ಕುಗ್ಗಿಸುವುದು) ಜಾಸ್ತಿ ಹಾಕಿದರೆ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದರ ಕೊನೆಯಲ್ಲಿ ಸಣ್ಣಗಾಗಬೇಕಾದ ದನಿ ಮೇಲೆದ್ದು ಬರುತ್ತದೆ, ಉಸಿರೆಳೆದದ್ದೂ ಹಾಡಿನಷ್ಟೇ ದೊಡ್ಡದಾಗಿ ಕೇಳಿಸುತ್ತದೆ. ಅದಕ್ಕೆ ಏರಿದ ಸಾಲುಗಳನ್ನು ಕೈಯಲ್ಲೇ ಒಂದೊಂದಾಗಿ ಇಳಿಸಿ, ಆಮೇಲೆ 2ಕ್ಕೆ 1ರಷ್ಟು ಹಗುರವಾಗಿ ಹಾಕುತ್ತೇನೆ. ಸ್ವರ ಸರಿಮಾಡುವ ಸಾಫ್ಟ್‌ವೇರ್ ಬೇಡವೇ ಬೇಡ. ಸ್ವರದಿಂದ ಸ್ವರಕ್ಕೆ ಜಾರುವುದೇ ನಮ್ಮ ಹಾಡಿನ ಜೀವ, ಅದು ಆ ಜಾರಿಕೆಯನ್ನು ಮೆಟ್ಟಿಲು ಮಾಡಿ ಇಡುತ್ತದೆ. ರಿವರ್ಬ್ (ಸೇರಿಸುವ ಪ್ರತಿಧ್ವನಿ) ಕೊನೆಗೆ. ಕೇಳುವಾಗ ಅದು ಇದೆ ಅಂತ ಗೊತ್ತಾಗಬಾರದು, ತೆಗೆದಾಗ ಮಾತ್ರ ಏನೋ ಕಳೆದ ಹಾಗೆ ಅನ್ನಿಸಬೇಕು, ಅಲ್ಲಿಗೆ ನಿಲ್ಲಿಸುತ್ತೇನೆ.

ಯೂಟ್ಯೂಬಿಗೆ ಹಾಕುವುದಾದರೆ ಒಟ್ಟು ಲೆವೆಲ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಅಳತೆ) ಸುತ್ತಮುತ್ತ ಇದ್ದರೆ ಸಾಕು, ಅದಕ್ಕಿಂತ ಜೋರು ಮಾಡಿದರೆ ಅವರೇ ಇಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಯಾರಿಗಾದರೂ ಕೇಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರಿನಲ್ಲಿ ಹಾಡು ಹಾಕಿ ಎದುರಿಗೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿದರೆ ಇಷ್ಟೆಲ್ಲ ಮಾಡಿದ್ದು ನೀರಿಗೆ ಹೋದ ಹಾಗೆ.

ಹೋದ ತಿಂಗಳು ಅದೇ ಮೊದಲಿನ ವಚನವನ್ನು, ಅದೇ ಮೊದಲಿನ ಮೈಕಿನಲ್ಲಿ ಮತ್ತೆ ಹಾಡಿ ಕಾಕಾ ಅವರಿಗೆ ಕಳಿಸಿದೆ. ಸಂಜೆ ಫೋನ್ ಬಂತು. “ಯಾವ ಸ್ಟುಡಿಯೋದಾಗ ಮಾಡಿಸಿದ್ಯೋ?” ಹಿಂದಿನ ಕೋಣೆಯಲ್ಲೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಐತ್ವಾರ ತಬಲಾ ತಗೊಂಡು ಬರ್ತೀನಿ. ಕೌದಿ ತಗದಿಡಬ್ಯಾಡ.” ಡಗ್ಗಾದ (ತಬಲಾ ಜೋಡಿಯ ದಪ್ಪ ದನಿಯ ವಾದ್ಯ) ಗುಮಕಿ ಆ ಕೋಣೆಯಲ್ಲಿ ಎಲ್ಲಿ ಉಬ್ಬುತ್ತದೆ ಅಂತ ಹುಡುಕಬೇಕು. ನೆಲದ ಮೇಲೆ ಇನ್ನೊಂದು ಅಂಟುಪಟ್ಟಿ ಬೇಕಾಗಬಹುದು.