ಪೂರ್ಣನಾದವನು ಸೃಷ್ಟಿಸುವುದೇಕೆ? ಈ ವಾದವನ್ನು ಅಭ್ಯಾಸ ಮಾಡುವ ಕ್ರಮ

ಸೃಷ್ಟಿಕರ್ತನಾದ ಈಶ್ವರನು ಪರಿಪೂರ್ಣನೂ ಆಗಿರಬಲ್ಲನೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರು ಮೊದಲು ‘ಪೂರ್ಣ’ ಎಂಬ ಮಾತನ್ನೇ ಬಿಡಿಸಿಕೊಳ್ಳಬೇಕು. ಒಂದು ಅರ್ಥದಲ್ಲಿ ಪೂರ್ಣನೆಂದರೆ ಆಪ್ತಕಾಮ, ಅಂದರೆ ಪಡೆಯಬೇಕಾದದ್ದು ಏನೂ ಉಳಿಯದವನು. ಇನ್ನೊಂದು ಅರ್ಥದಲ್ಲಿ ಪಕ್ಷಪಾತವೂ ಕ್ರೌರ್ಯವೂ ಇಲ್ಲದವನು. ಮತ್ತೊಂದರಲ್ಲಿ ಸ್ವತಂತ್ರ, ಯಾವುದರ ಹಂಗೂ ಇಲ್ಲದವನು. ಈ ಮೂರನ್ನೂ ಕಲಸಿಕೊಂಡು ವಾದಕ್ಕಿಳಿದರೆ, ಒಂದರ ಮೇಲಿನ ಆಕ್ಷೇಪಕ್ಕೆ ಇನ್ನೊಂದರ ಸಮಾಧಾನವನ್ನು ಹೇಳಿ ಗೆದ್ದೆವೆಂದುಕೊಳ್ಳುತ್ತೇವೆ. ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವನ್ನು ಮೊದಲ ಸಲ ಓದಿದಾಗ ನಾನು ಮಾಡಿದ ತಪ್ಪು ಇದೇ. ಹಾಳೆಯೊಂದರಲ್ಲಿ ಮೂರು ಅರ್ಥಗಳನ್ನೂ ಬೇರೆಬೇರೆಯಾಗಿ ಬರೆದುಕೊಂಡು, ಎದುರಾಗುವ ಪ್ರತಿಯೊಂದು ವಾಕ್ಯವೂ ಯಾವುದನ್ನು ಮುಟ್ಟುತ್ತದೆ ಎಂದು ಗುರುತು ಹಾಕುತ್ತ ಹೋಗುವುದು ಒಳ್ಳೆಯದು.

ಅನಂತರ ಆಕ್ಷೇಪವನ್ನು ಅದನ್ನು ಮನಸಾರೆ ಒಪ್ಪಿದವರ ಬಾಯಿಂದಲೇ ಕೇಳಬೇಕು. ಇದಕ್ಕಾಗಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ರಾಷ್ಟ್ರಕೂಟರ ಅಮೋಘವರ್ಷನಿಗೆ ಗುರುವೆನಿಸಿದ್ದ ಜೈನ ಮುನಿ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣವು, 941ರಲ್ಲಿ ಪಂಪನು ಬರೆದ ಕನ್ನಡ ಆದಿಪುರಾಣಕ್ಕೆ ಆಕರವಾದ ಕೃತಿ. ಅದರ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತೃವಾದದ ಖಂಡನೆಯಿದೆ. ಕೃತಾರ್ಥನಾದವನಲ್ಲಿ ಸೃಷ್ಟಿಸುವ ಬಯಕೆ ಹುಟ್ಟುವುದಾದರೂ ಹೇಗೆ, ಕೃತಾರ್ಥನಲ್ಲದಿದ್ದರೆ ಕುಂಬಾರನಿಗಿಂತ ಹೆಚ್ಚಿನವನಲ್ಲದ ಅವನು ವಿಶ್ವವನ್ನು ನಿರ್ಮಿಸುವುದಾದರೂ ಹೇಗೆ ಎಂದು ಆಚಾರ್ಯರು ಕೇಳುತ್ತಾರೆ. ಅಡಕತ್ತರಿಯ ಎರಡು ಅಲಗುಗಳಂತೆ ಈ ಎರಡು ಪ್ರಶ್ನೆಗಳು ಒಟ್ಟಿಗೆ ಕೂಡುತ್ತವೆ. ವೇದದ ಕರ್ಮಭಾಗವನ್ನು ವಿಚಾರಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟರೂ ಶ್ಲೋಕವಾರ್ತಿಕದಲ್ಲಿ ಇದೇ ದಾರಿ ಹಿಡಿದು, ಪ್ರಯೋಜನವನ್ನು ಉದ್ದೇಶಿಸದೆ ಮಂದಬುದ್ಧಿಯವನೂ ಕೆಲಸಕ್ಕೆ ತೊಡಗುವುದಿಲ್ಲ ಎನ್ನುತ್ತಾರೆ. ಕರುಣೆಯಿಂದ ಸೃಷ್ಟಿಸಿದನೆನ್ನೋಣವೆಂದರೆ, ಸೃಷ್ಟಿಗೆ ಮೊದಲು ಕರುಣೆಗೆ ಪಾತ್ರರಾಗುವವರೇ ಇರಲಿಲ್ಲ. ಕರುಣೆಯೇ ಕಾರಣವಾಗಿದ್ದರೆ ಸುಖಮಯವಾದ ಲೋಕವನ್ನಷ್ಟೇ ಸೃಷ್ಟಿಸಬೇಕಿತ್ತು. ಹೀಗೆ ವಾದಿಸುವ ಕುಮಾರಿಲರು ವೇದವನ್ನು ಪರಮಪ್ರಮಾಣವೆಂದು ಒಪ್ಪಿದವರು. ಆದ್ದರಿಂದ ಸೃಷ್ಟಿಕರ್ತನನ್ನು ಪ್ರಶ್ನಿಸುವ ವಾದವನ್ನು ಕಂಡ ಕೂಡಲೇ ನಾಸ್ತಿಕವಾದವೆಂದು ಬದಿಗಿಡುವ ಅಭ್ಯಾಸವನ್ನು ಬಿಡಬೇಕು.

ಈಗ ಆಕ್ಷೇಪವು ಯಾವ ಮೊಳೆಯ ಮೇಲೆ ತೂಗುತ್ತಿದೆ ಎಂಬುದನ್ನು ಹುಡುಕಿ. ಎಲ್ಲ ಪ್ರವೃತ್ತಿಗೂ ಯಾವುದಾದರೊಂದು ಕೊರತೆಯೇ ಮೂಲ ಎಂಬ ವ್ಯಾಪ್ತಿಯೇ, ಅಂದರೆ ಎಲ್ಲೆಡೆಗೂ ಅನ್ವಯಿಸುವ ನಿಯಮವೇ, ಆ ಮೊಳೆ. ಬ್ರಹ್ಮಸೂತ್ರಕ್ಕೆ ಶಂಕರರು ಬರೆದ ಭಾಷ್ಯದ ಎಣಿಕೆಯಲ್ಲಿ 2.1.32ನೆಯ ಸೂತ್ರವು ಈ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ, 2.1.33ನೆಯದು ಲೋಕದಲ್ಲಿ ಕಾಣುವಂತೆ ಇದು ಕೇವಲ ಲೀಲೆ ಎಂದು ಉತ್ತರಿಸುತ್ತದೆ. ಶಂಕರರು ಇಲ್ಲಿ ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ: ಬಯಸಿದ್ದೆಲ್ಲವನ್ನೂ ಪಡೆದ ರಾಜನ ವಿಹಾರ ಮತ್ತು ತಾನಾಗಿ ನಡೆಯುವ ಉಸಿರಾಟ. ಓದುಗರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ದೃಷ್ಟಾಂತವು ಯಾವ ಅಂಶಕ್ಕಾಗಿ ಬಂದಿದೆ, ಎಲ್ಲಿಯವರೆಗೆ ಭಾರ ಹೊರುತ್ತದೆ ಎಂದು ತೂಗಿ ನೋಡಿ. ಉಸಿರಾಟಕ್ಕೆ ಪ್ರಯೋಜನದ ಯೋಚನೆ ಬೇಕಿಲ್ಲ, ನಿಜ. ಆದರೆ ಅದರಲ್ಲಿ ಸಂಕಲ್ಪವೂ ಇಲ್ಲ, ಛಾಂದೋಗ್ಯ ಉಪನಿಷತ್ತು ಹೇಳುವ ‘ಸತ್’ ಎಂಬ ಮೂಲತತ್ತ್ವವಾದರೋ ‘ಬಹುವಾಗುವೆನು’ ಎಂದು ಈಕ್ಷಿಸಿ, ಅಂದರೆ ಆಲೋಚಿಸಿ, ಸೃಷ್ಟಿಸುತ್ತದೆ. ರಾಜನ ವಿಹಾರದಲ್ಲಿ ಸಂಕಲ್ಪವಿದೆ, ಆದರೆ ಬೇಸರ ಕಳೆಯುವ ಸೂಕ್ಷ್ಮವಾದ ಪ್ರಯೋಜನವೊಂದು ಅಲ್ಲಿ ಅಡಗಿರಬಹುದು. ಲೋಕದ ಲೀಲೆಯಲ್ಲಿ ಅಂಥದ್ದನ್ನು ಊಹಿಸಬಹುದೆಂದು ಶಂಕರರೇ ಒಪ್ಪಿ, ಈಶ್ವರನು ಆಪ್ತಕಾಮನೆಂಬ ಶ್ರುತಿಯ, ಅಂದರೆ ವೇದವಾಕ್ಯದ, ಬಲದಿಂದ ಅದನ್ನು ಅವನ ವಿಷಯದಲ್ಲಿ ತಳ್ಳಿಹಾಕುತ್ತಾರೆ. ಅಂದರೆ ಕೊನೆಯ ಭಾರವನ್ನು ಹೊರುವುದು ದೃಷ್ಟಾಂತವಲ್ಲ, ಶ್ರುತಿ.

ಇದರ ಪಕ್ಕದಲ್ಲಿ ಮಧ್ವಾಚಾರ್ಯರ ಭಾಷ್ಯವನ್ನು ಇಟ್ಟುಕೊಂಡು ಓದಿ. ಹರಿಯು ಪ್ರಯೋಜನವನ್ನು ಬಯಸದೆ ಕೇವಲ ಆನಂದದಿಂದ, ಮತ್ತನಾದವನು ನರ್ತಿಸುವಂತೆ, ಸೃಷ್ಟಿಸುತ್ತಾನೆ ಎಂಬ ವಚನವನ್ನು ಅವರು ಉದಾಹರಿಸುತ್ತಾರೆ. ಈಶ್ವರನ ಪ್ರವೃತ್ತಿಯು ಉನ್ಮತ್ತನದಂತಲ್ಲ ಎಂದು ಶಂಕರರು ಎಚ್ಚರಿಸಿರುವುದರಿಂದ ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಮೊದಲ ನೋಟಕ್ಕೆ ತೋರಬಹುದು, ಆದರೆ ಉನ್ಮತ್ತನ ನಡೆ ಬುದ್ಧಿದೋಷದಿಂದ ಬಂದರೆ ಮತ್ತನ ನರ್ತನ ಆನಂದದ ಹೆಚ್ಚಳದಿಂದ ಬರುತ್ತದೆ. ಕುಣಿಯುವವನಿಗೆ ಕುಣಿತದಿಂದ ಆನಂದ ಬರಬೇಕಾಗಿಲ್ಲ, ಆನಂದವಿದ್ದುದರಿಂದಲೇ ಅವನು ಕುಣಿದನು. ನನ್ನ ದೃಷ್ಟಿಯಲ್ಲಿ ಮೊದಲ ಅರ್ಥದ ಪೂರ್ಣತೆಗೆ ಸಿಕ್ಕಿರುವ ಅತ್ಯಂತ ಬಲವಾದ ಸಮರ್ಥನೆ ಇದೇ, ಏಕೆಂದರೆ ಇದು ಆಕ್ಷೇಪದ ಮೊಳೆಯನ್ನೇ ಕೀಳುತ್ತದೆ. ಶಂಕರರಿಗೆ ಸೃಷ್ಟಿಯನ್ನು ಹೇಳುವ ಶ್ರುತಿಯು ಪರಮಾರ್ಥವನ್ನು, ಅಂದರೆ ಕೊನೆಯ ಸತ್ಯವನ್ನು, ಹೇಳುವುದಲ್ಲ ಎಂಬ ಇನ್ನೊಂದು ಆಶ್ರಯವಿದೆ. ಜಗತ್ತು ಸತ್ಯವೆನ್ನುವ ಮಧ್ವರಿಗೆ ಅದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಆದರೆ ಲೀಲೆ ಎಂದೊಡನೆ ಎರಡನೆಯ ಅರ್ಥದ ಮೇಲೆ ಪೆಟ್ಟು ಬೀಳುತ್ತದೆ. ಕ್ರೀಡೆಯೆಂದರೆ ಅದು ತಿಳಿಗೇಡಿ ಬಾಲಕನ ಕ್ರೀಡೆಯೇ ಸರಿ ಎಂಬುದು ಜಿನಸೇನರ ಮಾತು. ಹಸಿವಿನಿಂದ ಅಳುವ ಮಗುವಿನ ಮುಂದೆ ನಿಂತು ‘ಲೀಲೆ’ ಎನ್ನಲು ಬಾಯಿ ಬರುವುದಿಲ್ಲ. ಈ ತಡವರಿಕೆಯನ್ನು ಭಾವುಕತೆಯೆಂದು ಅಳಿಸದೆ ವಾದದ ಭಾಗವಾಗಿಯೇ ಇಟ್ಟುಕೊಳ್ಳಬೇಕು. ವೈಷಮ್ಯ (ಪಕ್ಷಪಾತ) ಮತ್ತು ನೈರ್ಘೃಣ್ಯ (ಕ್ರೌರ್ಯ) ಎಂಬ ಈ ದೋಷಗಳಿಗೆ 2.1.34ನೆಯ ಸೂತ್ರವು ಕರ್ಮದ ಮೂಲಕ ಉತ್ತರಿಸುತ್ತದೆ. ಮಳೆ ಎಲ್ಲ ಬೆಳೆಗಳಿಗೂ ಸಮಾನ, ಭತ್ತವೂ ಜವೆಗೋಧಿಯೂ ಬೇರೆಯಾಗುವುದು ಬೀಜದಿಂದ. ಮೊದಲ ಸೃಷ್ಟಿಯಲ್ಲಿ ಕರ್ಮವೆಲ್ಲಿತ್ತು ಎಂದರೆ, ಸಂಸಾರವು ಅನಾದಿ ಎಂದು ಮುಂದಿನ ಸೂತ್ರ ಹೇಳುತ್ತದೆ.

ಇಲ್ಲಿಗೆ ಬಂದಾಗ ಹಾಳೆಯ ಮೂರನೆಯ ಅರ್ಥವನ್ನು ನೋಡಿ. ಕರ್ಮವನ್ನು ಅಪೇಕ್ಷಿಸಿ ದೇಹಗಳನ್ನು ಕಟ್ಟುವವನು ನೇಕಾರನಂತೆ ಪರತಂತ್ರನಾಗುತ್ತಾನೆ, ಅವನನ್ನು ಈಶ್ವರನೆನ್ನುವುದು ಹೇಗೆ ಎಂದು ಜಿನಸೇನರು ಆಗಲೇ ಕೇಳಿಬಿಟ್ಟಿದ್ದಾರೆ. ಕರ್ಮದ ಇರವೂ ಭಗವಂತನ ಅಧೀನ ಎಂದು ಮಧ್ವರು ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುತ್ತಾರೆ. ಹಾಗಾದರೆ ದುಃಖದ ಹೊಣೆ ಮತ್ತೆ ಅವನ ಕಡೆಗೇ ತಿರುಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಎರಡನೆಯ ಅರ್ಥದ ಕೆಳಗೆ ಹೊಸದಾಗಿ ಬರೆದು, ಅನಾದಿತ್ವದ ಉತ್ತರವನ್ನು ಇನ್ನೊಮ್ಮೆ ಓದಿ. ಪ್ರತಿಯೊಂದು ಜನ್ಮದ ವೈಷಮ್ಯಕ್ಕೂ ಹಿಂದಿನ ಕರ್ಮವೊಂದಿದೆ ಎಂಬುದನ್ನು ಅದು ತೋರಿಸುತ್ತದೆ. ಇಡೀ ಸರಪಳಿಯು ದುಃಖದ ಸರಪಳಿಯಾಗಿರುವುದೇಕೆ ಎಂಬುದನ್ನು ಅದು ಮುಟ್ಟುವುದಿಲ್ಲ.