ಗೆರೆ ಎಳೆಯುವ ಮೊದಲು ಮಗ್ಗದಲ್ಲಿ ಕೂತೆ

ಆರು ಬಣ್ಣದ ಅಡ್ಡಪಟ್ಟಿ ಇರುವ ಸೆರಗೊಂದನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪ್ರಿಂಟ್ ಹಿಡಿದುಕೊಂಡು ಮಂಗಳೂರು ಬಳಿಯ ಕಿನ್ನಿಗೋಳಿ ಕಡೆಯ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಅಲ್ಲಿನ ಅಮ್ಮ ಕನ್ನಡಕ ಏರಿಸಿ, ಉಗುರಿನಲ್ಲಿ ಪಟ್ಟಿಗಳನ್ನು ಎಣಿಸಿದರು.

“ಮಗಾ, ನಾಲ್ಕು ಎಳೆಗೊಮ್ಮೆ ಲಾಳಿ ಬದಲಾಯಿಸ್ಬೇಕು. ಸೆರಗಿಗೇ ಒಂದು ದಿನ ಹೋಗ್ತದೆ. ಕೂಲಿ ಸಿಗುವುದು ಸೀರೆಗೆ ಇಷ್ಟು ಅಂತ ಅಲ್ವಾ?”

ಲಾಳಿ ಅಂದರೆ ಅಡ್ಡ ನೂಲನ್ನು ಆಚೀಚೆ ಒಯ್ಯುವ ಸಾಧನ, ಬಣ್ಣಕ್ಕೊಂದು ಬೇಕು. ನಾನು ಸುಮ್ನೆ ಎಳೆದ ಗೆರೆ ಅವರ ಒಂದು ದಿನದ ದುಡಿಮೆ ಕಸಿಯುತ್ತಿತ್ತು. ಡಿಸೈನ್ ಕಲಿಸಿದ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಮರುದಿನದಿಂದ ಅವರ ಮಗ್ಗದಲ್ಲೇ ಕಲಿಯಲು ಕೂತೆ. ಹೊಕ್ಕಿನ ನೂಲನ್ನು, ಅಂದರೆ ಅಡ್ಡ ನೂಲನ್ನು, ಬಿಗಿಯಾಗಿ ಎಳೆದರೆ ಬಟ್ಟೆಯ ಅಂಚು ಒಳಕ್ಕೆ ಸರಿಯುತ್ತದೆ, ಬದಿಯ ಎಳೆಗಳು ಬಾಚಣಿಗೆಯಂಥ ಹಣಿಗೆಗೆ ಉಜ್ಜಿ ತುಂಡಾಗುತ್ತವೆ. ಸಡಿಲ ಬಿಟ್ಟರೆ ಅಂಚಿನಲ್ಲಿ ನೂಲು ಕುಣಿಕೆಯಾಗಿ ನಿಲ್ಲುತ್ತದೆ. ತುಂಡಾದ ಎಳೆಯನ್ನು ಹುಡುಕಿ ಗಂಟು ಹಾಕುವುದರಲ್ಲೇ ನನ್ನ ಮೊದಲ ವಾರ ಕಳೆಯಿತು.

ಆದರೆ ದಾರಿ ಸಿಕ್ಕಿದ್ದೂ ಅಲ್ಲೇ. ಬಣ್ಣವನ್ನು ಹೊಕ್ಕಿನ ಬದಲು ಹಾಸಿನಲ್ಲಿ, ಅಂದರೆ ಉದ್ದ ನೂಲಿನಲ್ಲಿ, ತಂದರೆ ಹೇಗೆ? ಹಾಸು ಹೂಡುವಾಗಲೇ ಉದ್ದಪಟ್ಟಿಗಳನ್ನು ಕೂರಿಸಿಬಿಟ್ಟರೆ ಆಮೇಲೆ ಒಂದೇ ಲಾಳಿ ಸಾಕು. ಹಾಸಿನ ಕೆಂಪು ನೂಲಿಗೆ ಹೊಕ್ಕಿನ ಕಪ್ಪು ನೂಲು ಸೇರಿದರೆ ಮೂರನೆಯ ಛಾಯೆಯೊಂದು ತಾನಾಗಿಯೇ ಹುಟ್ಟುತ್ತದೆ. ಹಾಸು ಹೂಡುವ ಕೆಲಸ ಜಾಸ್ತಿಯಾಗುತ್ತದೆ, ನಿಜ. ಅದಕ್ಕೆ ಬೇರೆಯೇ ಕೂಲಿ ಕೊಡುತ್ತೇನೆ. ಅಡ್ಡಪಟ್ಟಿ ಬೇಕೇ ಬೇಕು ಅನ್ನುವ ಗಿರಾಕಿಗೆ ಲಾಳಿಯ ಲೆಕ್ಕ ಹೇಳಿ, ಆ ಹಣವನ್ನು ಬೆಲೆಗೆ ಸೇರಿಸುತ್ತೇನೆ.

ಬಣ್ಣಕ್ಕೆ ಅಡಿಕೆಯ ಚೊಗರು, ಅಂದರೆ ಹಸಿ ಅಡಿಕೆ ಬೇಯಿಸಿದ ಕಂದು ರಸ, ಬಳಸಿದೆ. ನಮ್ಮಲ್ಲಿ ಹೆಚ್ಚಾಗಿ ಹಣ್ಣಡಿಕೆಯನ್ನು ಬೇಯಿಸದೆ ಒಣಗಿಸಿ ಚಾಲಿ ಮಾಡುವುದರಿಂದ ಚೊಗರು ಘಟ್ಟದ ಮೇಲಿನಿಂದ ಬರಬೇಕು. ಅದರಲ್ಲಿ ನೂಲು ಕೆಂಗಂದು ಆಗುತ್ತದೆ. ಅದೇ ಲಡಿಯನ್ನು ಕಬ್ಬಿಣದ ನೀರಿಗೆ ಅದ್ದಿದರೆ ಕಣ್ಣೆದುರೇ ಬೂದುಗಪ್ಪಿಗೆ ತಿರುಗುತ್ತದೆ. ನನ್ನ ಮೊದಲ ಕಂತು ಮಾತ್ರ ಕಲೆಕಲೆಯಾಯಿತು. ಅವಸರದಲ್ಲಿ ನೂಲಿನ ಜಿಡ್ಡು ಹೋಗುವಷ್ಟು ಕುದಿಸಿರಲಿಲ್ಲ. ಆ ನಷ್ಟ ನನ್ನದು. ನೇಯ್ದ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಮುರಿಯಲಿಲ್ಲ.

1903ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸುತ್ತಾ ಊರೂರು ತಿರುಗಿ ಕುಶಲಕರ್ಮಿಗಳನ್ನು ಕಂಡವರು. ಅವರಿಗೆ ಕೈಕಸುಬು ಅಂದರೆ ಅಂದದ ವಸ್ತು ಮಾತ್ರ ಆಗಿರಲಿಲ್ಲ, ಮಾಡುವವರ ಬದುಕೂ ಆಗಿತ್ತು. ಈ ಮಾತು ನನಗೆ ತಲೆಗೆ ಹೋದದ್ದು ಮಗ್ಗದಲ್ಲಿ ಕೂತ ಮೇಲೆ. ಇಲ್ಲಿ ನೇಯುವ ಉಡುಪಿ ಸೀರೆಗೆ 2016ರಲ್ಲಿ, ಇದು ಈ ಸೀಮೆಯದೇ ಎಂದು ಸಾರುವ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಖುಷಿಯ ಸಂಗತಿ. ಆದರೆ ನೇಯುವವರಿಗೆ ದಿನಗೂಲಿ ಹುಟ್ಟದಿದ್ದರೆ ಆ ಗುರುತನ್ನು ಯಾವ ಸೀರೆಗೆ ಹಚ್ಚುವುದು?

ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಬೇಗ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಹಾಗಾಗಿ ಆರ್ಡರುಗಳನ್ನು ಈಗ ಬೇಸಿಗೆಗೆ ಮೊದಲೇ ಕೊಟ್ಟು, ಅರ್ಧ ಹಣವನ್ನು ಮುಂಗಡ ಕೊಡುತ್ತೇನೆ. ಹೊಸ ಗೆರೆ ಎಳೆದರೆ ಮೊದಲು ಆ ಅಮ್ಮನಿಗೆ ತೋರಿಸುತ್ತೇನೆ. ಅವರು ಮತ್ತೆ ಉಗುರಿನಲ್ಲಿ ಎಣಿಸುತ್ತಾರೆ.