ಮೂರು ಸಾಲಿನ ಪ್ರೋಗ್ರಾಮ್ ಕೂಡ ಓಡಲಿಲ್ಲ

ಸಾಗರದ ಅಡಿಕೆ ಮಂಡಿಯೊಂದಕ್ಕೆ 1994ರಲ್ಲಿ ಟರ್ಬೊ ಪ್ಯಾಸ್ಕಲ್ 7 ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. 66 ಮೆಗಾಹರ್ಟ್ಸ್‌ನ 486 ಪ್ರೊಸೆಸರಿನ ಕಂಪ್ಯೂಟರಿನಲ್ಲಿ ಐದು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಆಮೇಲೆ ಸಾಹುಕಾರರು 350 ಮೆಗಾಹರ್ಟ್ಸ್‌ನ ಪೆಂಟಿಯಂ 2 ತಂದರು. ಪ್ರೋಗ್ರಾಮ್ ಹಾಕಿ ಎಂಟರ್ ಒತ್ತಿದೆ. "ರನ್‌ಟೈಮ್ ಎರರ್ 200". ಸೊನ್ನೆಯಿಂದ ಭಾಗಿಸಿದಾಗ ಬರುವ ಎರರ್ ಅದು.

"ಹಳೇದೇ ಲಾಯಕ್ಕಿತ್ತಲ್ಲ ಮಾರಾಯ" ಎಂದರು ಸಾಹುಕಾರರು. ನನಗೆ ಹೊಟ್ಟೆಯೊಳಗೆ ಸಂಕಟ. ಬೆಳಗಾದರೆ ಟೆಂಡರ್.

ಭಾಗಾಕಾರ ಇರುವ ಸಾಲುಗಳನ್ನೆಲ್ಲ ಹುಡುಕಿದೆ. ಸರಾಸರಿ ದರ, ಕಮಿಷನ್, ಎಲ್ಲ ಸರಿಯಾಗಿಯೇ ಇದ್ದವು. ಕೊನೆಗೆ 'ಯೂಸಸ್ ಸಿಆರ್‌ಟಿ', 'ಬಿಗಿನ್', 'ಎಂಡ್' ಎಂಬ ಮೂರೇ ಸಾಲಿನ ಪ್ರೋಗ್ರಾಮ್ ಬರೆದು ಓಡಿಸಿದೆ. ಅದಕ್ಕೂ ಅದೇ ಎರರ್. ನನ್ನ ಮೊದಲ ಸಾಲು ಶುರುವಾಗುವ ಮುಂಚೆಯೇ ಎಡವಟ್ಟಾಗುತ್ತಿತ್ತು.

ಸಿಆರ್‌ಟಿ ಅಂದರೆ ಪರದೆ, ಕೀಲಿಗಳನ್ನು ನೋಡಿಕೊಳ್ಳಲು ಪ್ಯಾಸ್ಕಲ್ ಜೊತೆ ಬರುವ ಸಿದ್ಧ ಕೋಡ್, ಅದನ್ನು ಯೂನಿಟ್ ಎನ್ನುತ್ತಾರೆ. ಅದರಲ್ಲಿ ಇಂತಿಷ್ಟು ಮಿಲಿಸೆಕೆಂಡ್ ಕಾಯಿಸುವ 'ಡಿಲೇ' ಇದೆ. ಅದಕ್ಕಾಗಿ ಪ್ರೊಸೆಸರ್ ಎಷ್ಟು ಚುರುಕೆಂದು ಆರಂಭದಲ್ಲೇ ಒಂದು ಪುಟ್ಟ ಲೂಪ್ ಸುತ್ತಿಸಿ ಅಳೆಯುತ್ತಾರೆ. ಪಿಸಿಯ ಟೈಮರ್ ಸುಮಾರು 55 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತದೆ. ಎರಡು ಬಡಿತಗಳ ನಡುವೆ ಆದ ಸುತ್ತುಗಳನ್ನು 55ರಿಂದ ಭಾಗಿಸಿದರೆ ಮಿಲಿಸೆಕೆಂಡಿನ ಲೆಕ್ಕ ಸಿಕ್ಕಿತು. ಆದರೆ ಉತ್ತರ ಕೂರಬೇಕಾದದ್ದು ಪ್ರೊಸೆಸರಿನೊಳಗಿನ ಪುಟ್ಟ ಗೂಡಾದ 16 ಬಿಟ್ ರಿಜಿಸ್ಟರಿನಲ್ಲಿ. 65,535 ದಾಟಿದರೆ ಅಲ್ಲಿ ಹಿಡಿಸುವುದಿಲ್ಲ. ಹಾಗೆ ಹಿಡಿಸದಾಗಲೂ ಪ್ರೊಸೆಸರ್ ಎಬ್ಬಿಸುವುದು ಸೊನ್ನೆ ಭಾಗಾಕಾರದ ಇಂಟರಪ್ಟನ್ನೇ, ಅಂದರೆ ಕೆಲಸ ತಡೆದು ಕೂಗುವ ಸಂಕೇತವನ್ನೇ. ಸೊನ್ನೆ ಎಲ್ಲೂ ಇರಲೇ ಇಲ್ಲ.

65,535 ಗುಣಿಸು 55 ಅಂದರೆ 36,04,425 ಸುತ್ತು. ನಮ್ಮ 486ಕ್ಕೆ ಅಷ್ಟು ಹೊತ್ತಿನಲ್ಲಿ ಸಿಗುವ ಕ್ಲಾಕ್‌ಗಳೇ (ಪ್ರೊಸೆಸರಿನ ಮಿಡಿತಗಳೇ) ಸುಮಾರು 36 ಲಕ್ಷ, ಸುತ್ತೊಂದಕ್ಕೆ ಹಲವು ಕ್ಲಾಕ್ ಬೇಕು. ಸಿಆರ್‌ಟಿ ಬರೆದವರನ್ನು ನಾನು ದೂರಲಾರೆ. ಪೆಂಟಿಯಂ 2ಕ್ಕೆ ಸಿಗುವುದು 1.92 ಕೋಟಿ. ಅದರ ಒಳಗಿನ ವಿನ್ಯಾಸವೂ ಬೇರೆ: ಒಂದು ಕ್ಲಾಕ್‌ಗೆ ಮೂರು ಆಜ್ಞೆಗಳವರೆಗೆ ಬಿಡಿಸಿಕೊಳ್ಳುತ್ತದೆ, ಸಿದ್ಧವಾದದ್ದನ್ನು ಸರದಿ ಕಾಯದೆ ಮುಗಿಸುತ್ತದೆ, ಜಂಪ್ ಎತ್ತ ಹೋಗುತ್ತದೆಂದು ಊಹಿಸುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹಾರುವ ಲೂಪಿನಲ್ಲಿ ಆ ಊಹೆ ತಪ್ಪುವುದು ಅಪರೂಪ.

ರಾತ್ರಿಯೇ ಫೈಲಿನ ಬೈಟ್‌ಗಳನ್ನು ತಿದ್ದುವ ಡಿಬಗ್ ಎಂಬ ಸಾಧನ ಹಿಡಿದು ಕುಳಿತೆ. ಅದು ಇಎಕ್ಸ್‌ಇ ಫೈಲನ್ನು ತಿದ್ದಿ ಉಳಿಸುವುದಿಲ್ಲ, ಹೆಸರಿನ ಬಾಲ ಬದಲಿಸಿಕೊಳ್ಳಬೇಕು. ಆ ಭಾಗಾಕಾರದ ಯಂತ್ರಕೋಡ್ 'ಬಿ9 37 00 ಎಫ್7 ಎಫ್1' ಹುಡುಕಿದೆ. ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 37 ಅಂದರೆ ನಮ್ಮ 55. ಅದನ್ನು ಎಫ್‌ಎಫ್, ಅಂದರೆ 255 ಮಾಡಿದೆ. ಪ್ರೋಗ್ರಾಮ್ ತೆರೆದುಕೊಂಡಿತು! ಆ ಕ್ಷಣದ ಖುಷಿ ಇವತ್ತಿಗೂ ಮರೆತಿಲ್ಲ.

ಟೆಂಡರ್ ಸುಸೂತ್ರವಾಗಿ ನಡೆಯಿತು. ಆದರೆ ರೈತರ ಹೆಸರು ಜೋಡಿಸುವ ಸಾರ್ಟ್ ನಾನು ಎಣಿಸಿದಷ್ಟು ಚುರುಕಾಗಿರಲಿಲ್ಲ. 16 ಬಿಟ್ ಪ್ಯಾಸ್ಕಲ್ ಕೋಡ್ ಪಾಯಿಂಟರ್ (ಮಾಹಿತಿ ಇರುವ ವಿಳಾಸ) ಮುಟ್ಟಿದಾಗಲೆಲ್ಲ, ಮೆಮೊರಿಯ ಯಾವ ಭಾಗವೆಂದು ಹೇಳುವ ಸೆಗ್ಮೆಂಟ್ ರಿಜಿಸ್ಟರ್ ತುಂಬುತ್ತದೆ. ಈ ಪ್ರೊಸೆಸರಿಗೆ ಅದು ದುಬಾರಿ ಕೆಲಸ. ಎಎಕ್ಸ್ ಎಂಬ ರಿಜಿಸ್ಟರಿನ ಕೆಳಗಿನ ಅರ್ಧವಾದ ಎಎಲ್‌ಗೆ ಬರೆದು ಕೂಡಲೇ ಇಡೀ ಎಎಕ್ಸ್ ಓದಿದರೂ ನಿಂತು ಕಾಯುತ್ತದೆ. ಲೂಪಿಗೆ ಸಿಕ್ಕ ಲಾಭ ಸಾರ್ಟಿಗೆ ಸಿಗಲಿಲ್ಲ.

ಭಾಜಕ ದೊಡ್ಡದಾದ್ದರಿಂದ ಡಿಲೇಗಳೂ ಕಾಲುಭಾಗಕ್ಕಿಂತ ಕಡಿಮೆಗೆ ಇಳಿದಿದ್ದವು. ತಪ್ಪು ತೂಕ ಒತ್ತಿದಾಗ ಬರುವ ಬೀಪ್ ಗುಮಾಸ್ತರ ಕಿವಿಗೇ ಬೀಳುತ್ತಿರಲಿಲ್ಲ. ಆಮೇಲೆ ಬಿಡುವು ಮಾಡಿಕೊಂಡು ಸಿಆರ್‌ಟಿ ಬದಲು ನನ್ನದೇ ಯೂನಿಟ್ ಬರೆದೆ. ಕೆಲಸವನ್ನೆಲ್ಲ ಯಂತ್ರದಲ್ಲೇ ಇರುವ ಮೂಲ ಪ್ರೋಗ್ರಾಮಾದ ಬಯಾಸ್‌ಗೆ ವಹಿಸಿದೆ, ಸಂಖ್ಯೆಗಳು ಹೆಕ್ಸ್‌ನಲ್ಲಿ: ಪರದೆಗೆ ಇಂಟರಪ್ಟ್ 10, ಕೀಲಿಗಳಿಗೆ 16, ಕಾಯುವುದಕ್ಕೆ 15. ಈಗ ಕಾಯುವಿಕೆ ಲೂಪಿನ ಲೆಕ್ಕದಲ್ಲಿಲ್ಲ, ಯಂತ್ರದ ಗಡಿಯಾರದಲ್ಲಿದೆ. 486ರಲ್ಲೂ ಪೆಂಟಿಯಂನಲ್ಲೂ ಬೀಪ್ ಒಂದೇ ಅಳತೆಗೆ ಬಂತು.